ರಿವರ್ಸಲ್‌ಗೆ ಯಾವುದು: ನಿಯೋಸ್ಟಿಗ್ಮಿನ್, ಸುಗಮಡೆಕ್ಸ್, ಇಲ್ಲಾ ಸುಮ್ನೆ ಕಾಯೋದಾ?

ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಿದ್ದ ಹಿರಿಯರು ಬರಿಗೈಲಿ ವಾಪಸ್ ಬಂದರು. ಅವರ ಮಗಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಚೀಟಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಸುಗಮಡೆಕ್ಸ್ 200 ಮಿ.ಗ್ರಾಂ, ಒಂದು ವೈಲ್. "ಡಾಕ್ಟ್ರಮ್ಮ, ಅಂಗಡಿಯವನು ರೇಟು ಹೇಳಿದ. ಇದು ತರಲೇಬೇಕಾ? ಸಾದಾದ್ರಲ್ಲಿ ಆಗಲ್ವಾ?" ಎಂದು ಕೇಳಿದರು. ಅದೇ ವಾರ ಪಿಜಿ ಓದುವ ಹುಡುಗಿಯೊಬ್ಬಳು ಮೆಸೇಜ್ ಹಾಕಿದ್ದಳು: "ಮೇಡಂ, ಇನ್ನು ನಿಯೋಸ್ಟಿಗ್ಮಿನ್ ಬಿಟ್ಟೇಬಿಡಬಹುದಾ?"

ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಆಪರೇಷನ್ ಮುಗಿದ ಮೇಲೆ ಸ್ನಾಯುಗಳ ಸಡಿಲಿಕೆ ತೆಗೆಯಲು ಹಳೆಯ, ಅಗ್ಗದ ನಿಯೋಸ್ಟಿಗ್ಮಿನ್ ಸಾಕಾ, ಹೊಸ, ದುಬಾರಿ ಸುಗಮಡೆಕ್ಸೇ ಬೇಕಾ? ನಾನು ಅರಿವಳಿಕೆ ಕೊಡುವ ಡಾಕ್ಟರು. ಒಂದೇ ಆಸ್ಪತ್ರೆಯಲ್ಲಿ ಕೂರುವವಳಲ್ಲ, ಕರೆದ ನರ್ಸಿಂಗ್ ಹೋಮಿಗೆ ಬ್ಯಾಗು ಹಿಡಿದು ಹೋಗುತ್ತೇನೆ. ಹಾಗಾಗಿ ದುಬಾರಿ ಮದ್ದು ಸಿಗುವ ಜಾಗವನ್ನೂ ನೋಡಿದ್ದೇನೆ, ಫ್ರಿಜ್ಜೇ ಸರಿ ಇಲ್ಲದ ಜಾಗವನ್ನೂ ನೋಡಿದ್ದೇನೆ. ಆ ಇಬ್ಬರಿಗೂ ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ನಡೆಯುವುದೇನು?

ಹೊಟ್ಟೆಯ ಆಪರೇಷನ್ ಮಾಡುವಾಗ ರೋಗಿಗೆ ನಿದ್ದೆ ಬಂದರೆ ಸಾಲದು, ಸ್ನಾಯುಗಳೂ ಸಡಿಲ ಆಗಬೇಕು. ಅದಕ್ಕೇ ಮಸಲ್ ರಿಲಾಕ್ಸೆಂಟ್ ಕೊಡುತ್ತೇವೆ. ಅದನ್ನು ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರಾಡುವುದಿಲ್ಲ, ಟ್ಯೂಬ್ ಹಾಕಿ ನಾವೇ ಉಸಿರಾಡಿಸುತ್ತೇವೆ. ಆಪರೇಷನ್ ಮುಗಿದ ಮೇಲೆ ಆ ಸಡಿಲಿಕೆಯನ್ನು ಪೂರ್ತಿ ತೆಗೆಯಬೇಕು. ಅದಕ್ಕೆ ಒ.ಟಿ. ಭಾಷೆಯಲ್ಲಿ ರಿವರ್ಸಲ್ ಎನ್ನುತ್ತಾರೆ.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿನ ಸೀಟಿನಲ್ಲಿ ಕೂತರೆ ಸ್ನಾಯು ಬಿಗಿಯುತ್ತದೆ. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ರಿಲಾಕ್ಸೆಂಟ್ ಆ ಟವೆಲ್ ಇದ್ದ ಹಾಗೆ. ತಾನು ಪ್ರಯಾಣ ಮಾಡುವುದಿಲ್ಲ, ಬೇರೆಯವರಿಗೂ ಕೂರಲು ಬಿಡುವುದಿಲ್ಲ. ಆದರೆ ಟವೆಲ್ ಒಂದೇ ಕಡೆ ಅಂಟಿಕೊಂಡಿರುವುದಿಲ್ಲ. ಜಾರುತ್ತದೆ, ಮತ್ತೆ ಬೀಳುತ್ತದೆ. ಆ ಜಾರುವ ಗಳಿಗೆಯನ್ನೇ ಎಲ್ಲ ರಿವರ್ಸಲ್ ಮದ್ದುಗಳೂ ಒಂದಲ್ಲ ಒಂದು ರೀತಿ ಬಳಸಿಕೊಳ್ಳುತ್ತವೆ.

ಯಾವುದನ್ನು ನೋಡಿ ಆರಿಸಬೇಕು?

ನಾನು ಐದು ವಿಷಯ ನೋಡುತ್ತೇನೆ. ಹಾಕಿದ ರಿಲಾಕ್ಸೆಂಟ್ ಯಾವುದು? ಕೊನೆಯಲ್ಲಿ ಎಷ್ಟು ಉಳಿದಿದೆ? ಎಷ್ಟು ಬೇಗ ಎಬ್ಬಿಸಬೇಕು? ರೋಗಿಯ ಕಿಡ್ನಿ, ಹೃದಯ, ಶ್ವಾಸಕೋಶ ಹೇಗಿವೆ? ಕೊನೆಗೆ ದುಡ್ಡು.

ಇದರಲ್ಲಿ ಎರಡನೆಯದೇ ತುಂಬಾ ಮುಖ್ಯ. ಬಹಳ ಕಡೆ ಬಿಟ್ಟುಹೋಗುವುದೂ ಅದೇ. ಎಷ್ಟು ಉಳಿದಿದೆ ಎಂದು ತಿಳಿಯಲು ಮಣಿಕಟ್ಟಿನ ನರಕ್ಕೆ ಅರ್ಧ ಸೆಕೆಂಡಿಗೆ ಒಂದರಂತೆ ನಾಲ್ಕು ಸಣ್ಣ ಕರೆಂಟು ಕೊಡುತ್ತೇವೆ. ಪ್ರತಿ ಸಲವೂ ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಇದಕ್ಕೆ ಟ್ರೇನ್ ಆಫ್ ಫೋರ್ ಎಂದು ಹೆಸರು. ಮದ್ದು ಜಾಸ್ತಿ ಇದ್ದರೆ ಹೆಬ್ಬೆರಳು ಅಲುಗುವುದೇ ಇಲ್ಲ. ಕಡಿಮೆ ಆಗುತ್ತಾ ಬಂದಂತೆ ಒಂದು, ಎರಡು, ಮೂರು, ನಾಲ್ಕು ಎಂದು ಬರುತ್ತವೆ. ನಾಲ್ಕೂ ಬಂದ ಮೇಲೂ ಮೊದಲನೆಯದು ಜೋರಾಗಿ, ನಾಲ್ಕನೆಯದು ಸೋತ ಹಾಗೆ ಇರುತ್ತದೆ. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅನುಪಾತ ಕನಿಷ್ಠ 0.9 ಆಗಬೇಕು. ಆಮೇಲೆಯೇ ಟ್ಯೂಬ್ ತೆಗೆಯಬೇಕು.

ಇಲ್ಲೊಂದು ತೊಂದರೆ ಇದೆ. ಅನುಪಾತ 0.4 ದಾಟಿದ ಮೇಲೆ ಕಣ್ಣಿಗಾಗಲಿ ಬೆರಳಿನ ಸ್ಪರ್ಶಕ್ಕಾಗಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕೂ ಸಮ ಅನ್ನಿಸುತ್ತದೆ. "ತಲೆ ಎತ್ತಿ, ಐದು ಸೆಕೆಂಡ್ ಹಿಡಿಯಿರಿ" ಎಂದು ಹೇಳಿ ನೋಡುವ ಹಳೆಯ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ. 0.4 ಮತ್ತು 0.9ರ ನಡುವೆ ಇರುವ ರೋಗಿ ಕಣ್ಣು ಬಿಡುತ್ತಾನೆ, ಕೈ ಹಿಸುಕುತ್ತಾನೆ. ಆದರೆ ಗಂಟಲಿನ ಸ್ನಾಯು ಸೋತಿರುತ್ತದೆ. ನುಂಗಲು ಬರುವುದಿಲ್ಲ, ನಾಲಿಗೆ ಹಿಂದಕ್ಕೆ ಬೀಳುತ್ತದೆ. ವಾರ್ಡಿಗೆ ಕಳಿಸಿದ ಮೇಲೆ ಆಕ್ಸಿಜನ್ ಇಳಿಯುತ್ತದೆ. ಹಾಗಾಗಿ ಅನುಪಾತವನ್ನು ಅಂಕಿಯಲ್ಲೇ ತೋರಿಸುವ ಮಾನಿಟರ್ ಬೇಕು.

ಸುಮ್ನೆ ಕಾಯುವುದು

ಖರ್ಚಿಲ್ಲದ ದಾರಿ ಇದು. "ಒಂದೇ ಡೋಸ್ ಹಾಕಿದ್ದು, ಎರಡು ಗಂಟೆ ಆಯ್ತು, ತಾನೇ ಹೋಗಿರುತ್ತೆ ಬಿಡಿ" ಎನ್ನುವ ಮಾತು ಎಲ್ಲ ಊರಿನ ಒ.ಟಿ.ಯಲ್ಲೂ ಕೇಳಿದ್ದೇನೆ. 2003ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಒಂದೇ ಡೋಸ್ ಪಡೆದು, ರಿವರ್ಸಲ್ ಇಲ್ಲದೆ ಎದ್ದ 526 ಜನರನ್ನು ಅಳೆದು ನೋಡಿದರು. 45 ಶೇಕಡಾ ಜನರಲ್ಲಿ ಅನುಪಾತ 0.9 ಮುಟ್ಟಿರಲಿಲ್ಲ. ಎರಡು ಗಂಟೆಗಿಂತ ಜಾಸ್ತಿ ಕಳೆದವರಲ್ಲೂ 37 ಶೇಕಡಾ ಜನ ಅದೇ ಸ್ಥಿತಿಯಲ್ಲಿದ್ದರು. ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ ಎನ್ನಲು ನನಗೆ ಇಷ್ಟು ಸಾಕು. ಮಾನಿಟರ್ 0.9 ತೋರಿಸಿದರೆ ಧಾರಾಳವಾಗಿ ಏನೂ ಕೊಡದೆ ಬಿಡಿ. ಪೂರ್ತಿ ಇಳಿದ ಮೇಲೆ ಸುಮ್ಮನೆ ನಿಯೋಸ್ಟಿಗ್ಮಿನ್ ಕೊಟ್ಟರೆ ಗಂಟಲಿನ ಸ್ನಾಯುವೇ ಸೋಲಬಹುದು.

ನಿಯೋಸ್ಟಿಗ್ಮಿನ್

ಇದರ ಹಿಂದೆ ಒಂದು ಕಾಡು ಅವರೆಯಂಥ ಬೀಜದ ಕಥೆ ಇದೆ. ಪಶ್ಚಿಮ ಆಫ್ರಿಕಾದ ಕಲಬಾರ್ ಬೀಜ ವಿಷದ್ದು. ಅದರಿಂದ ತೆಗೆದ ಫೈಸೋಸ್ಟಿಗ್ಮಿನ್, ಕ್ಯುರಾರೆ ಅನ್ನುವ ಮೊದಲ ಕಾಲದ ರಿಲಾಕ್ಸೆಂಟಿನ ಸಡಿಲಿಕೆಯನ್ನು ತೆಗೆಯುತ್ತದೆ ಎಂದು ವಿಯೆನ್ನಾದ ಯಾಕೋಬ್ ಪಾಲ್ 1900ರಲ್ಲೇ ಗಮನಿಸಿದ್ದರು. ಅದರ ಮಾದರಿಯಲ್ಲಿ 1931ರಲ್ಲಿ ನಿಯೋಸ್ಟಿಗ್ಮಿನ್ ಅನ್ನು ಲ್ಯಾಬಿನಲ್ಲಿ ಕಟ್ಟಿದರು. ಆಪರೇಷನ್ನಿಗೆ ಕ್ಯುರಾರೆ ಬಂದದ್ದು 1942ರ ಜನವರಿಯಲ್ಲಿ, ಮಾಂಟ್ರಿಯಲ್‌ನಲ್ಲಿ. ಅಂದರೆ ಬೀಗಕ್ಕಿಂತ ಮೊದಲೇ ಬೀಗದ ಕೈ ಸಿದ್ಧವಿತ್ತು.

ಇದು ಟವೆಲ್ ಮುಟ್ಟುವುದೇ ಇಲ್ಲ. ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಆಗ ಬಸ್ಸಿಗೆ ಜನ ಜಾಸ್ತಿ ಆಗುತ್ತಾರೆ. ಟವೆಲ್ ಜಾರಿದ ಕೂಡಲೇ ಯಾರಾದರೂ ಕೂತುಬಿಡುತ್ತಾರೆ. ಉಪಾಯ ಚೆನ್ನಾಗಿದೆ. ಟವೆಲ್ ಯಾವ ಬಣ್ಣದ್ದಾದರೂ, ಅಂದರೆ ಹಾಕಿದ ರಿಲಾಕ್ಸೆಂಟ್ ಯಾವುದಾದರೂ ನಡೆಯುತ್ತದೆ: ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ, ರೋಕ್ಯುರೋನಿಯಂ, ಎಲ್ಲಕ್ಕೂ ಆಗುತ್ತದೆ. (ಸಕ್ಸಿನೈಲ್‌ಕೋಲಿನ್ ಬೇರೆ ಜಾತಿಯ ರಿಲಾಕ್ಸೆಂಟ್. ಅದಕ್ಕೆ ಇದನ್ನು ಕೊಟ್ಟರೆ ಸಡಿಲಿಕೆ ಇನ್ನೂ ಉದ್ದ ಆಗಬಹುದು.)

ಮಿತಿಯೂ ಆ ಉಪಾಯದೊಳಗೇ ಇದೆ. ಬಸ್ಸಿನ ತುಂಬಾ ಟವೆಲ್ ಬಿದ್ದಿದ್ದರೆ ಎಷ್ಟು ಜನ ನುಗ್ಗಿದರೂ ಉಪಯೋಗವಿಲ್ಲ. ಕಿಣ್ವ ಪೂರ್ತಿ ನಿಂತ ಮೇಲೆ ಡೋಸ್ ಏರಿಸಿಯೂ ಪ್ರಯೋಜನವಿಲ್ಲ. ಹೆಬ್ಬೆರಳು ನಾಲ್ಕೂ ಸಲ ಕುಣಿಯುವ ತನಕ ಕಾಯಬೇಕು, ಕೊಟ್ಟ ಮೇಲೂ ಹತ್ತು ನಿಮಿಷ ಬಿಡಬೇಕು. ಕೊಟ್ಟ ಎರಡನೇ ನಿಮಿಷಕ್ಕೆ ಟ್ಯೂಬ್ ಎಳೆಯುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನೊಂದು ವಿಷಯ, ಆ ಜನ ಬೇರೆ ಬಸ್ಸುಗಳಿಗೂ ನುಗ್ಗುತ್ತಾರೆ. ಹೃದಯದ ಬಡಿತ ಇಳಿಯುತ್ತದೆ, ಎಂಜಲು ಸುರಿಯುತ್ತದೆ, ಶ್ವಾಸನಾಳ ಬಿಗಿಯಬಹುದು. ಅದನ್ನು ತಡೆಯಲು ಗ್ಲೈಕೋಪೈರೋಲೇಟ್ ಜೊತೆಗೇ ಹೋಗಬೇಕು. ನಮ್ಮಲ್ಲಿ ಎರಡೂ ಸೇರಿದ ಆಂಪ್ಯೂಲ್ ಸಿಗುತ್ತದೆ. ಡೋಸ್ ಸಾಮಾನ್ಯವಾಗಿ ಕೆ.ಜಿ.ಗೆ 0.03ರಿಂದ 0.07 ಮಿ.ಗ್ರಾಂ, ಒಟ್ಟು 5 ಮಿ.ಗ್ರಾಂ ಮೀರಬಾರದು. ಸುಗಮಡೆಕ್ಸ್ ಪಕ್ಕದಲ್ಲಿಟ್ಟರೆ ಇದರ ಬೆಲೆ ಏನೇನೂ ಅಲ್ಲ.

ಸುಗಮಡೆಕ್ಸ್

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಅಣುವನ್ನು ಅಳತೆಗೆ ಹೊಲಿದ ಹಾಗೆ ಮಾಡಿದ ಕೆಲಸ ಇದು. ಆ ಹೊಲಿಗೆ ಅರ್ಥ ಆದರೆ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎನ್ನುವುದು ತಾನಾಗಿ ಹೊಳೆಯುತ್ತದೆ.

ಸ್ಕಾಟ್ಲೆಂಡಿನ ನ್ಯೂಹೌಸ್‌ನಲ್ಲಿ ಆರ್ಗನಾನ್ ಕಂಪನಿಯ ಲ್ಯಾಬ್ ಇತ್ತು. ಅಲ್ಲಿ ವಿಜ್ಞಾನಿ ಆಂಟನ್ ಬೊಮ್ ರೋಕ್ಯುರೋನಿಯಂ ಅನ್ನು ಕರಗಿಸಿಡಲು ಸೈಕ್ಲೋಡೆಕ್ಸ್ಟ್ರಿನ್ ಪರೀಕ್ಷೆ ಮಾಡುತ್ತಿದ್ದರು. ಸೈಕ್ಲೋಡೆಕ್ಸ್ಟ್ರಿನ್ ಅಂದರೆ ಪಿಷ್ಟದಿಂದ ಸಿಗುವ ಸಕ್ಕರೆಯ ಬಳೆ. ಗ್ಲೂಕೋಸ್ ತುಣುಕುಗಳು ಕೈಕೈ ಹಿಡಿದು ಉಂಗುರವಾಗಿ ನಿಂತಿರುತ್ತವೆ. ಆರು ಇದ್ದರೆ ಆಲ್ಫಾ, ಏಳು ಇದ್ದರೆ ಬೀಟಾ, ಎಂಟು ಇದ್ದರೆ ಗಾಮಾ. ಹೊರಮೈ ನೀರಿಗೆ ಒಗ್ಗುತ್ತದೆ, ಒಳಗಿನ ಪೊಳ್ಳು ಎಣ್ಣೆಯಂಥ ವಸ್ತುಗಳಿಗೆ ಒಗ್ಗುತ್ತದೆ. ರೋಕ್ಯುರೋನಿಯಂನ ಬೆನ್ನೆಲುಬು ಸ್ಟೀರಾಯ್ಡ್ ಅನ್ನುವ ಎಣ್ಣೆಯ ಗುಣದ ರಚನೆ, ಅದು ಆ ಪೊಳ್ಳಿನೊಳಗೆ ಹೋಗಿ ಕೂರುತ್ತದೆ. ಕರಗಿಸಲು ತಂದದ್ದೇ ಮದ್ದನ್ನು ಹಿಡಿದು ಕಟ್ಟಿಹಾಕಲೂ ಆಗುತ್ತದಲ್ಲ ಎನ್ನುವ ಯೋಚನೆ ಅಲ್ಲಿಂದ ಶುರುವಾಯಿತು.

ಆಲ್ಫಾ, ಬೀಟಾ ಎರಡೂ ಇಕ್ಕಟ್ಟು. ಗಾಮಾ ಅಗಲಕ್ಕೆ ಸರಿಹೊಂದಿತು, ಆದರೆ ಆಳ ಸಾಲಲಿಲ್ಲ. ಬಟ್ಟಲಿನಲ್ಲಿ ಸೌತೆಕಾಯಿ ನಿಲ್ಲಿಸಿದ ಹಾಗೆ ಮದ್ದಿನ ಒಂದು ತುದಿ ಹೊರಗೇ ಉಳಿಯುತ್ತಿತ್ತು. ಅದಕ್ಕೆ ಎಂಟೂ ಗ್ಲೂಕೋಸಿನ ಅಂಚಿಗೆ ಗಂಧಕದ ಮೂಲಕ ಒಂದೊಂದು ತೋಳು ಜೋಡಿಸಿದರು. ಬಟ್ಟಲು ಲೋಟ ಆಯಿತು. ಇನ್ನು ತೋಳುಗಳು ಒಳಕ್ಕೆ ಮಡಚಿಕೊಂಡು ಬಾಯಿ ಮುಚ್ಚಿಬಿಟ್ಟರೆ? ಪ್ರತಿ ತೋಳಿನ ತುದಿಗೂ ಋಣ ವಿದ್ಯುತ್ತಿನ ಕಾರ್ಬಾಕ್ಸಿಲ್ ಗುಂಪು ಇಟ್ಟರು. ಋಣ ಋಣವನ್ನು ತಳ್ಳುತ್ತದೆ, ಹಾಗಾಗಿ ಬಾಯಿ ತೆರೆದೇ ಇರುತ್ತದೆ. ರೋಕ್ಯುರೋನಿಯಂನ ಸಾರಜನಕದ ಮೇಲೆ ಧನ ವಿದ್ಯುತ್ತು ಇದೆ. ಒಳಗೆ ಬಂದ ಅದನ್ನು ಅದೇ ಎಂಟು ತುದಿಗಳು ಗಟ್ಟಿಯಾಗಿ ಹಿಡಿಯುತ್ತವೆ. ಒಂದೇ ಗುಂಪಿನಿಂದ ಎರಡು ಕೆಲಸ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ದೇಹದಲ್ಲಿ ಇದು ನರದ ತುದಿಗೆ ಹೋಗಿ ಜಗಳ ಆಡುವುದಿಲ್ಲ. ರಕ್ತದಲ್ಲಿರುವ ರೋಕ್ಯುರೋನಿಯಂ ಅನ್ನು ಒಂದಕ್ಕೊಂದರಂತೆ ಹಿಡಿಯುತ್ತದೆ. ರಕ್ತದಲ್ಲಿ ಕಡಿಮೆ ಆದಂತೆ ಸ್ನಾಯುವಿನ ಬಳಿಯಿಂದ ಮದ್ದು ಹೊರಬಂದು ಅದೂ ಸಿಕ್ಕಿಬೀಳುತ್ತದೆ. ಜಾರಿದ ಟವೆಲ್ ಎಲ್ಲವನ್ನೂ ಕೆಳಗೆ ನಿಂತವನೊಬ್ಬ ಚೀಲಕ್ಕೆ ತುಂಬಿಕೊಂಡ ಹಾಗೆ. ಆಮೇಲೆ ಜೋಡಿಯಾಗಿ ಮೂತ್ರದಲ್ಲಿ ಹೋಗುತ್ತದೆ. ಅಸಿಟೈಲ್‌ಕೋಲಿನ್ ತಂಟೆಗೆ ಹೋಗದ ಕಾರಣ ಗ್ಲೈಕೋಪೈರೋಲೇಟ್ ಬೇಕಿಲ್ಲ.

ವೇಗದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ರೋಕ್ಯುರೋನಿಯಂ ಹಾಕಿ, ಎರಡನೇ ಕುಣಿತ ಬಂದಾಗ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ 0.9 ಮುಟ್ಟಲು ಸುಗಮಡೆಕ್ಸ್‌ಗೆ ಸುಮಾರು ಒಂದೂವರೆ ನಿಮಿಷ ಬೇಕಾಯಿತು, ನಿಯೋಸ್ಟಿಗ್ಮಿನ್‌ಗೆ 18 ನಿಮಿಷಕ್ಕೂ ಜಾಸ್ತಿ. ಹೆಬ್ಬೆರಳು ಅಲುಗದಷ್ಟು ಆಳದಲ್ಲಿದ್ದವರಲ್ಲಿ ಸುಮಾರು 3 ನಿಮಿಷ ಮತ್ತು 50 ನಿಮಿಷ.

ಇನ್ನು ಮಿತಿಗಳು. ಮೊದಲನೆಯದು ಹೊಲಿಗೆಯದ್ದೇ. ಆ ಲೋಟ ಸ್ಟೀರಾಯ್ಡ್ ಬೆನ್ನೆಲುಬಿಗೆ ಹೊಲಿದದ್ದು. ರೋಕ್ಯುರೋನಿಯಂಗೆ ಪೂರ್ತಿ, ವೆಕ್ಯುರೋನಿಯಂಗೆ ಸ್ವಲ್ಪ ಕಡಿಮೆ. ಅಟ್ರಾಕ್ಯೂರಿಯಂ, ಸಿಸ್‌ಅಟ್ರಾಕ್ಯೂರಿಯಂ, ಸಕ್ಸಿನೈಲ್‌ಕೋಲಿನ್ ಮೂರಕ್ಕೂ ಸೊನ್ನೆ. ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಕೇಸು. ಮನೆಯವರು ಎಲ್ಲೆಲ್ಲೋ ಅಲೆದು ಸುಗಮಡೆಕ್ಸ್ ತಂದಿದ್ದರು. ನಡುವೆ ಡ್ಯೂಟಿ ಬದಲಾಗಿ ನನ್ನನ್ನು ಕರೆದರು. ಚಾರ್ಟ್ ನೋಡಿದರೆ ರೋಕ್ಯುರೋನಿಯಂ ಸ್ಟಾಕ್ ಇಲ್ಲವೆಂದು ಹಾಕಿದ್ದು ಅಟ್ರಾಕ್ಯೂರಿಯಂ. ವೈಲ್ ವಾಪಸ್ ಕೊಟ್ಟೆ, ನಿಯೋಸ್ಟಿಗ್ಮಿನ್ ಕೊಟ್ಟೆ, ಕಾದೆ. ರೋಗಿ ಚೆನ್ನಾಗಿ ಎದ್ದರು. ಆದರೆ ಆ ಮನೆಯವರ ಅಲೆದಾಟ ನನ್ನ ಮನಸ್ಸಿನಿಂದ ಹೋಗಿಲ್ಲ. ರಿವರ್ಸಲ್ ಯಾವುದೆಂದು ತೀರ್ಮಾನ ಆಗುವುದು ಆಪರೇಷನ್ ಮುಗಿದಾಗ ಅಲ್ಲ, ಮೊದಲ ಸಿರಿಂಜ್ ತುಂಬುವಾಗ.

ಎರಡನೆಯದು ಅಲರ್ಜಿ. ಅಪರೂಪ, ಆದರೆ ಜೋರಾಗಿ ಬರಬಹುದು. ಯುರೋಪು 2008ರಲ್ಲೇ ಒಪ್ಪಿದ ಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಕಾರಣಕ್ಕೆ ತಡೆದು 2015ರ ಡಿಸೆಂಬರಿನಲ್ಲಿ ಒಪ್ಪಿತು. ಹೃದಯದ ಬಡಿತ ತೀರಾ ಇಳಿದ ಉದಾಹರಣೆಗಳೂ ಇವೆ. ಕೊಟ್ಟ ಮೇಲೆ ಕೆಲವು ನಿಮಿಷ ಕಣ್ಣು ಮಾನಿಟರಿನ ಮೇಲೇ ಇರಬೇಕು. ಮೂರನೆಯದು ಕಿಡ್ನಿ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕಡಿಮೆ ಇದ್ದರೆ ಮದ್ದಿನ ಲೇಬಲ್ಲೇ ಕೊಡಬೇಡಿ ಎನ್ನುತ್ತದೆ.

ನಾಲ್ಕನೆಯದನ್ನು ಬಹಳ ಜನ ರೋಗಿಗೆ ಹೇಳುವುದೇ ಇಲ್ಲ. ಗರ್ಭನಿರೋಧಕ ಮಾತ್ರೆಯ ಹಾರ್ಮೋನೂ ಸ್ಟೀರಾಯ್ಡ್. ಲೋಟ ಅದನ್ನೂ ಸ್ವಲ್ಪ ಹಿಡಿಯುತ್ತದೆ. ಒಂದು ದಿನದ ಮಾತ್ರೆ ತಪ್ಪಿದ ಹಾಗೆ ಎಂದು ಲೆಕ್ಕ. ಮಾತ್ರೆ ಆಗಲಿ, ಹಾರ್ಮೋನಿನ ಬೇರೆ ಸಾಧನ ಆಗಲಿ, ಬಳಸುವವರು 7 ದಿನ ಕಾಂಡೋಮ್‌ನಂಥ ಇನ್ನೊಂದು ರಕ್ಷಣೆ ಇಟ್ಟುಕೊಳ್ಳಬೇಕು. ಅತ್ತೆ, ಮಾವ, ಅಣ್ಣ ಎಲ್ಲ ನಿಂತಿರುವಾಗ ಇದನ್ನು ಕೇಳಬಾರದು. ನಾನು ಹಿಂದಿನ ದಿನ ಒಬ್ಬರನ್ನೇ ಕೂರಿಸಿಕೊಂಡು ಕೇಳುತ್ತೇನೆ, ಡಿಸ್ಚಾರ್ಜ್ ಚೀಟಿಯಲ್ಲೂ ಬರೆಸುತ್ತೇನೆ.

ದುಡ್ಡಿನ ಲೆಕ್ಕ

ಡೋಸ್ ಆಳದ ಮೇಲೆ ಹೋಗುತ್ತದೆ. ಎರಡನೇ ಕುಣಿತ ಬಂದಿದ್ದರೆ ಕೆ.ಜಿ.ಗೆ 2 ಮಿ.ಗ್ರಾಂ, ತುಂಬಾ ಆಳ ಇದ್ದರೆ 4, ರೋಕ್ಯುರೋನಿಯಂ ದೊಡ್ಡ ಡೋಸ್ ಹಾಕಿದ ಮೂರೇ ನಿಮಿಷಕ್ಕೆ ವಾಪಸ್ ತರಬೇಕಾದರೆ 16. ಅರವತ್ತು ಕೆ.ಜಿ.ಯವರಿಗೆ 120, 240, 960 ಮಿ.ಗ್ರಾಂ. 200ರ ವೈಲಿನಲ್ಲಿ ಒಂದು, ಎರಡು, ಐದು. ಹತ್ತು ನಿಮಿಷ ಕಾದು, ಎರಡನೇ ಕುಣಿತ ಬರಲು ಬಿಟ್ಟರೆ ಎಷ್ಟೋ ಸಲ ಒಂದು ವೈಲಿನ ಸಾವಿರಾರು ರೂಪಾಯಿ ಉಳಿಯುತ್ತದೆ. ಆದರೆ ಅದು ಬಂದಿದೆ ಎಂದು ತಿಳಿಯಲು ಮಾನಿಟರ್ ಬೇಕು, ಅಲ್ವಾ? ಉಳಿಸಲು ಹೋಗಿ ಅಂದಾಜಿನ ಮೇಲೆ ಅರ್ಧ ಡೋಸ್ ಕೊಡುವುದು ಮಾತ್ರ ಬೇಡ. ಮೊದಲು ಚೆನ್ನಾಗಿ ಎದ್ದ ರೋಗಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಸಡಿಲ ಆಗಬಹುದು.

ನರ್ಸಿಂಗ್ ಹೋಮಿನವರು "ಮೊದಲು ಏನು ತರಿಸಲಿ?" ಎಂದರೆ ನಾನು ಸುಗಮಡೆಕ್ಸ್ ಎನ್ನುವುದಿಲ್ಲ, ಅಂಕಿ ತೋರಿಸುವ ಮಾನಿಟರ್ ಎನ್ನುತ್ತೇನೆ. ಅದು ಒಂದು ಸಲದ ಖರ್ಚು. ಆಮೇಲೆ ನಿಯೋಸ್ಟಿಗ್ಮಿನ್ ಕೂಡ ಸುರಕ್ಷಿತವಾಗುತ್ತದೆ, ಸುಗಮಡೆಕ್ಸ್ ವೈಲ್ ಕೂಡ ದಂಡವಾಗುವುದಿಲ್ಲ. ಫ್ರಿಜ್ ವಿಚಾರವೂ ಇದೆ. ರೋಕ್ಯುರೋನಿಯಂ, ಅಟ್ರಾಕ್ಯೂರಿಯಂ ಎರಡಕ್ಕೂ 2ರಿಂದ 8 ಡಿಗ್ರಿ ತಂಪು ಬೇಕು. ಕರೆಂಟು ಹೋಗಿಬರುವ ಊರಿನಲ್ಲಿ ಪುಡಿಯಾಗಿ ಬರುವ ವೆಕ್ಯುರೋನಿಯಂ ಹೊರಗೇ ಇಡಬಹುದು. ಎರಡೂ ರಿವರ್ಸಲ್‌ಗೂ ಅದು ಬಗ್ಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರ ಮಾರ್ಗಸೂಚಿಯಲ್ಲಿ ರೋಕ್ಯುರೋನಿಯಂ, ವೆಕ್ಯುರೋನಿಯಂ ಇನ್ನೂ ಸಾಕಷ್ಟು ಉಳಿದಿದ್ದರೆ ಸುಗಮಡೆಕ್ಸ್ ಎಂದಿದೆ. ಅನುಪಾತ 0.4ರಿಂದ 0.9ರ ಒಳಗಿದ್ದರೆ ನಿಯೋಸ್ಟಿಗ್ಮಿನ್ ಕೂಡ ಆಗಬಹುದು ಎಂದಿದೆ. ನನ್ನ ಅನುಭವಕ್ಕೂ ಇದು ಸರಿ ಕಾಣುತ್ತದೆ.

ತುಂಬಾ ದಪ್ಪ ಇರುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು, ಶ್ವಾಸಕೋಶದ ಕಾಯಿಲೆಯವರು, ವಯಸ್ಸಾದವರು, ಇವರಿಗೆ ಸ್ವಲ್ಪ ಉಳಿಕೆಯೂ ತಡೆಯುವುದಿಲ್ಲ. ಸ್ನಾಯುಗಳು ಬೇಗ ಸೋಲುವ ಮಯಸ್ತೀನಿಯಾ ಕಾಯಿಲೆ ಇರುವವರಿಗೂ ಅಷ್ಟೇ. ಇಂಥ ಕಡೆ ಸಾಲ ಮಾಡಿಯಾದರೂ ರೋಕ್ಯುರೋನಿಯಂ ಮತ್ತು ಸುಗಮಡೆಕ್ಸ್ ಜೋಡಿ ತರಿಸಿ ಎಂದು ನಾನು ಹೇಳಿದ್ದುಂಟು. ಲ್ಯಾಪ್ರೋಸ್ಕೋಪಿಯಲ್ಲಿ ಕೊನೆಯ ತನಕ ಪೂರ್ತಿ ಸಡಿಲ ಬೇಕು, ಆಮೇಲೆ ಐದೇ ನಿಮಿಷಕ್ಕೆ ಹೊಲಿಗೆ ಮುಗಿಯುತ್ತದೆ. ಅಲ್ಲೂ ಇದೇ ವಾಸಿ.

ಆರೋಗ್ಯವಾಗಿರುವ ಮೂವತ್ತರ ಹುಡುಗನ ಅಪೆಂಡಿಕ್ಸ್, ಕೊನೆಯಲ್ಲಿ ನಾಲ್ಕು ಕುಣಿತ, ಕಾಯಲು ಹದಿನೈದು ನಿಮಿಷ ಇದೆ, ಮಾನಿಟರ್ ಇದೆ ಎಂದರೆ ನಿಯೋಸ್ಟಿಗ್ಮಿನ್ ಸಾಕು. ಬಿಟ್ಟೇಬಿಡಬಹುದಾ ಎಂದು ಕೇಳಿದ ಹುಡುಗಿಗೆ ನಾನು ಹೇಳಿದ್ದು, "ಬಿಡಬೇಡ, ಸರಿಯಾಗಿ ಕೊಡೋದನ್ನ ಕಲಿ."

ಕಿಡ್ನಿ ಹಾಳಾದವರಿಗೆ ಅಟ್ರಾಕ್ಯೂರಿಯಂ ಇದೆ. ಅದೂ ಸ್ಕಾಟ್ಲೆಂಡಿನದೇ, ಗ್ಲಾಸ್ಗೋದ ಸ್ಟ್ರ್ಯಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಟೆನ್‌ಲೇಕ್ ತಂಡ ಕಟ್ಟಿದ್ದು. ದೇಹದ ಬಿಸಿ ಮತ್ತು ರಕ್ತದ ಪಿಎಚ್‌ಗೆ ತಾನಾಗಿ ಮುರಿದುಬೀಳುವಂತೆ ಅದನ್ನು ಮಾಡಿದ್ದಾರೆ. ಕಿಡ್ನಿಗೆ ಕಾಯಬೇಕಿಲ್ಲ. ಅದಕ್ಕೆ ಜೋಡಿ ನಿಯೋಸ್ಟಿಗ್ಮಿನ್.

ರಿಲಾಕ್ಸೆಂಟ್ ಹಾಕಿದ ಮೇಲೆ ಟ್ಯೂಬ್ ಹೋಗದೆ ಸಿಕ್ಕಿಬಿದ್ದಾಗ ಸುಗಮಡೆಕ್ಸ್ ಕಾಪಾಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಐದು ವೈಲ್ ಒಡೆದು ತುಂಬುವಷ್ಟರಲ್ಲಿ ಆಕ್ಸಿಜನ್ ಇಳಿದಿರುತ್ತದೆ. ನಿದ್ದೆಯ ಮದ್ದನ್ನು ಅದು ತೆಗೆಯುವುದೂ ಇಲ್ಲ.

ಲ್ಯಾಬಿನಲ್ಲಿ ಇನ್ನೂ ಕೆಲವು ಬೆಳೆಯುತ್ತಿವೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೈಲ್ ಐಸಾಕ್ಸ್ ತಂಡದ ಕಲಬಾಡಿಯನ್ 2 ಬಳೆಯಲ್ಲ, ಬಾಗಿದ ಇಕ್ಕಳದಂತೆ ಇದೆ. ರೋಕ್ಯುರೋನಿಯಂ ಅನ್ನು ಸುಗಮಡೆಕ್ಸ್‌ಗಿಂತ 89 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಇಲಿಗಳಲ್ಲಿ ಸಿಸ್‌ಅಟ್ರಾಕ್ಯೂರಿಯಂನ ಸಡಿಲಿಕೆಯನ್ನೂ ತೆಗೆದಿದೆ. ಎಲ್ಲ ಟವೆಲ್‌ಗೂ ಒಂದೇ ಚೀಲ ಸಿಕ್ಕ ದಿನ ಈ ಬರಹದ ಅರ್ಧ ಬೇಕಾಗುವುದಿಲ್ಲ. ಸದ್ಯಕ್ಕೆ ಅದು ನಮ್ಮ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಆ ಹಿರಿಯರ ಮಗಳಿಗೆ ತೂಕ 92 ಕೆ.ಜಿ., ರಾತ್ರಿ ಗೊರಕೆ, ಉಸಿರು ನಿಂತು ನಿಂತು ಬರುತ್ತಿತ್ತು. "ಯಜಮಾನ್ರೇ, ನಿಮ್ಮ ಮಗಳಿಗೆ ಇದು ಬೇಕು. ತೆಳ್ಳಗಿದ್ದಿದ್ರೆ ನಾನೇ ಬೇಡ ಅಂತಿದ್ದೆ" ಎಂದೆ. ಅವರು ಚೀಟಿ ಮಡಚಿ ಜೇಬಿಗಿಟ್ಟು ಮತ್ತೆ ಅಂಗಡಿಗೆ ಹೋದರು. ಕೊನೆಯ ಹೊಲಿಗೆ ಹಾಕುವಾಗ ಆಕೆಯ ಹೆಬ್ಬೆರಳು ಎರಡು ಸಲ ಕುಣಿಯಿತು. 184 ಮಿ.ಗ್ರಾಂ, ಒಂದೇ ವೈಲಿನಲ್ಲಿ ಆಯಿತು. ಎರಡು ನಿಮಿಷಕ್ಕೆ ಮಾನಿಟರ್ 0.96 ತೋರಿಸಿತು. ಆಮೇಲೆ ಟ್ಯೂಬ್ ತೆಗೆದೆ.